ಕಮಲಾಪುರ: ತಾಲ್ಲೂಕು ಕೇಂದ್ರವೋ, ಕಲಬುರಗಿಯ ಹೊರವಲಯವೋ?

ಕಲಬುರಗಿಯ ಹುಮನಾಬಾದ್ ಬೇಸ್ ಬಿಟ್ಟ ಬಸ್ಸು ಕಪನೂರಿನ ಬೇಳೆ ಮಿಲ್ಲುಗಳನ್ನು ದಾಟಿ, ಕುರಿಕೋಟಾದಲ್ಲಿ ಬೆಣ್ಣೆತೊರೆಯ ಸೇತುವೆ ಹಾಯ್ದು, ಮಹಾಗಾಂವ ಕ್ರಾಸ್ ಹಿಂದೆ ಹಾಕಿ ಕಮಲಾಪುರ ಮುಟ್ಟುತ್ತದೆ. ಸುಮಾರು 35 ಕಿ.ಮೀ. ದಾರಿ. ತೊಗರಿಯ ಕರಿನೆಲದಲ್ಲಿ ಸಾಗಿಬಂದವರಿಗೆ ಊರು ಹತ್ತಿರವಾದಂತೆ ಕೆಂಪು ಮಣ್ಣು ಕಾಣಿಸುತ್ತದೆ. 2018ರಲ್ಲಿ ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ಕಮಲಾಪುರ ತಾನೇ ತಾಲ್ಲೂಕು ಕೇಂದ್ರವಾಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, 2017ರ ಅಕ್ಟೋಬರ್ 29ರಂದು, ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಗಿ ಊರು ನಗರಕ್ಕೆ ಹಳಿಯ ಮೇಲೂ ಜೋಡಣೆಯಾಗಿತ್ತು. ಆಡಳಿತ ಬೇರ್ಪಡಿಸಿದ ಹೊತ್ತಿಗೇ ಸಾರಿಗೆ ಕೂಡಿಸಿತು. ನನ್ನ ವಾದ ಇಷ್ಟು: ಕಮಲಾಪುರವನ್ನು ತಾಲ್ಲೂಕು ಕೇಂದ್ರವೆಂದಷ್ಟೇ ನೋಡಿದರೆ ಅದರ ಮನೆ, ದಾರಿ, ನೆಲದ ಪ್ರಶ್ನೆಗಳು ಅರ್ಥವಾಗುವುದಿಲ್ಲ. ಅದನ್ನು ಕಲಬುರಗಿಯ ಹೊರವಲಯದ ವಸತಿ ಊರಾಗಿಯೂ ಓದಬೇಕು.

ಕಲಬುರಗಿ ಹೇಗೆ ಬೆಳೆಯಿತೆಂಬುದನ್ನು ಅದರ ಬಡಾವಣೆಗಳ ಹೆಸರುಗಳೇ ಹೇಳುತ್ತವೆ. 1347ರಲ್ಲಿ ಬಹಮನಿ ರಾಜಧಾನಿಯಾದ ನಗರದಲ್ಲಿ ಶಹಾಬಜಾರ್ ಇದೆ. 1422ರಲ್ಲಿ ತೀರಿಕೊಂಡ ಬಂದೇ ನವಾಜರ ದರ್ಗಾದ ಸುತ್ತ ರೋಜಾ ಇದೆ. ಆಸಿಫ್ ಗಂಜ್ ಎಂಬಲ್ಲಿ ನಿಜಾಮರ ಮನೆತನದ ಹೆಸರು ವ್ಯಾಪಾರದ ಜೊತೆ ಕೂಡಿದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಸೋಲಾಪುರದ ಕಡೆಯಿಂದ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರು ತಲುಪಿದ ಮೇಲೆ ಸ್ಟೇಷನ್ ಬಜಾರ್ ಬೆಳೆಯಿತು. ಆಮೇಲೆ ಜೇವರ್ಗಿ ಕಾಲೊನಿ, ಖೂಬಾ ಪ್ಲಾಟ್, ಗೋದುತಾಯಿ ನಗರ. ಬಜಾರ್, ಗಂಜ್, ಕಾಲೊನಿ, ಪ್ಲಾಟ್, ನಗರ: ಮೊದಲಿನವು ವ್ಯಾಪಾರದ ಜಾಗಕ್ಕೆ ಇಟ್ಟ ಹೆಸರು, ಕೊನೆಯವು ನಿದ್ದೆಯ ಜಾಗಕ್ಕೆ ಇಟ್ಟವು. ಎಂ.ಎಸ್.ಕೆ. ಮಿಲ್ಲಿನ ಕಥೆಯಲ್ಲಿ ಇವೆರಡೂ ಒಂದೇ ನೆಲದ ಮೇಲೆ ಕಾಣುತ್ತವೆ. ಮೆಹಬೂಬ್ ಶಾಹಿ ಹೆಸರಿನ ಆ ಬಟ್ಟೆ ಗಿರಣಿ 19ನೆಯ ಶತಮಾನದ ಕೊನೆಯ ಭಾಗದ್ದು. ಅದು ನಿಂತುಹೋದ ಮೇಲೆ ಅಲ್ಲಿ ವಸತಿ ಬಡಾವಣೆ ಬಂತು. ಗಿರಣಿ ಹೋಯಿತು, ವಿಳಾಸದಲ್ಲಿ ಹೆಸರು ಉಳಿಯಿತು.

ನಗರದ ಆಚೆ ಊರು ಕಟ್ಟುವ ಯತ್ನವೂ ಇಲ್ಲಿ ಹೊಸದಲ್ಲ. ಫಿರೋಜ್ ಶಹಾ ಬಹಮನಿ 1400ರ ಆಸುಪಾಸಿನಲ್ಲಿ ಕಲಬುರಗಿಯ ದಕ್ಷಿಣಕ್ಕೆ, ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದ. ಕೋಟೆಗೋಡೆ, ದೊಡ್ಡ ಮಸೀದಿ, ಹಮಾಮು, ಅರಮನೆ ಎಲ್ಲವೂ ಇದ್ದವು. ಅವನ ಕಾಲ ಮುಗಿದ ಮೇಲೆ ಊರು ಬರಿದಾಯಿತು. ರಾಜಧಾನಿಯೂ ಬೀದರಿಗೆ ಹೋಯಿತು. ನೀರಿಗೆ, ಕಲ್ಲಿಗೆ ಅಲ್ಲಿ ಕೊರತೆಯಿರಲಿಲ್ಲ. ಅರಸನ ಕಾರಣವಲ್ಲದೆ ಬೇರೆ ಕಾರಣಕ್ಕೆ ಅಲ್ಲಿ ನೆಲೆಸುವ ಒಕ್ಕಲು ಸಾಕಷ್ಟು ಬೆಳೆಯಲಿಲ್ಲವೆಂದೇ ನಾನು ಓದುತ್ತೇನೆ.

ಕಮಲಾಪುರದ ಸ್ಥಿತಿ ಬೇರೆ. ಅದು ಎರಡು ಬಹಮನಿ ರಾಜಧಾನಿಗಳ ನಡುವಿನ ದಾರಿಯ ಊರು. ಇದೇ ದಿಕ್ಕಿನ ಹೊಳಕುಂದಾದ ಬಹಮನಿ ಕಾಲದ ಗೋರಿಗಳು ಆ ಸಂಚಾರ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಈಗಿನ ರಾಷ್ಟ್ರೀಯ ಹೆದ್ದಾರಿ 50, ಹಿಂದಿನ 218, ಅದೇ ದಿಕ್ಕಿನಲ್ಲಿ ಸಾಗುತ್ತದೆ. ಸುಮಾರು 110 ಕಿ.ಮೀ. ಉದ್ದದ ರೈಲುಮಾರ್ಗಕ್ಕೆ ಮಾತ್ರ ಗುಡ್ಡ ಅಡ್ಡ ಬಂತು. ಮರಗುತ್ತಿಯ ಬಳಿ ಸುರಂಗ ಕೊರೆಯಬೇಕಾಯಿತು.

ಬೆಳಗಿನ ಬಸ್ಸಿನಲ್ಲಿ ಕುಳಿತರೆ ಈ ಊರಿನ ಇಬ್ಬಗೆ ಕಣ್ಣಿಗೆ ಬೀಳುತ್ತದೆ. ಕಾಲೇಜು, ದೊಡ್ಡ ಆಸ್ಪತ್ರೆ, ಗಂಜಿನ ಕೆಲಸಕ್ಕೆ ಕಮಲಾಪುರದವರು ಕಲಬುರಗಿಗೆ ಹೋಗುತ್ತಾರೆ. ಕಚೇರಿ, ಶಾಲೆಗಳ ನೌಕರರಲ್ಲಿ ಹಲವರು ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಇತ್ತ ಬರುತ್ತಾರೆ. ಹೊರವಲಯದ ಊರುಗಳಲ್ಲಿ ಸಾಮಾನ್ಯವಾಗಿ ಮನೆ ಮೊದಲು, ಕಚೇರಿ ಆಮೇಲೆ. ಇಲ್ಲಿ ಕಚೇರಿ ಮೊದಲು ಬಂತು. ಪಹಣಿಗೆ, ಖಾತೆ ಬದಲಾವಣೆಗೆ ರೈತ ನಗರಕ್ಕೆ ಅಲೆಯುವುದು ತಪ್ಪಿದ್ದು ದೊಡ್ಡ ಲಾಭವೇ. ಆದರೆ ನೌಕರ ಇಲ್ಲೇ ಮನೆ ಹಿಡಿಯಬೇಕಾದರೆ ಮಕ್ಕಳ ಶಾಲೆ, ರಾತ್ರಿ ತೆರೆದಿರುವ ಔಷಧಿ ಅಂಗಡಿ, ಹೆರಿಗೆಗೆ ಭರವಸೆಯ ಆಸ್ಪತ್ರೆ ಬೇಕು. ಇವು ಕೈಗೆಟುಕದಿದ್ದರೆ ಅವನು ಸಂಜೆಯ ಬಸ್ಸು ಹತ್ತುತ್ತಾನೆ. ಅವನ ಸಂಬಳ ನಗರದ ಅಂಗಡಿಯಲ್ಲೇ ಖರ್ಚಾಗುತ್ತದೆ.

ಮನೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಈ ಸೀಮೆಯ ಹಳೆಯ ಮನೆಯೆಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದಿನ ಫರ್ಸಿ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ನಾಡಿನಲ್ಲಿ ದಪ್ಪ ಗೋಡೆ ಹಗಲಿನ ಕಾವು ಒಳಗೆ ಬರುವುದನ್ನು ಸಂಜೆಯತನಕ ತಡೆಯುತ್ತದೆ. ರಾತ್ರಿ ಮನೆಯವರು ಮಾಳಿಗೆಯ ಮೇಲೆ ಮಲಗುತ್ತಾರೆ. ಆ ಮಾಳಿಗೆಗೆ ವರ್ಷವರ್ಷ ಮಣ್ಣು ಹಾಕುವ ದುಡಿಮೆ ಬೇಕು, ಅದೂ ನಿಜ. ಮೂವತ್ತು-ನಲವತ್ತರ ಪ್ಲಾಟಿನ ತೆಳು ಗೋಡೆಯ ಕಾಂಕ್ರೀಟು ಮನೆ ಆ ದುಡಿಮೆ ತಪ್ಪಿಸಿತು, ಜೊತೆಗೆ ತಂಪನ್ನೂ ಕಳೆಯಿತು. ಹೊಸ ಬಡಾವಣೆಯಲ್ಲಿ ಫರ್ಸಿ ನೆಲ, ದಪ್ಪ ಪಶ್ಚಿಮ ಗೋಡೆ, ಬೇವಿನ ನೆರಳಿಗೆ ಜಾಗ ಕೇಳುವುದು ಹಳೆಯದರ ಹಂಬಲವಲ್ಲ, ಆರೋಗ್ಯದ ಮಾತು.

ಎಲ್ಲಕ್ಕಿಂತ ಗಂಭೀರವಾದದ್ದು ನೆಲದ ಪ್ರಶ್ನೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ, ಹೆಚ್ಚು ನೀರು-ಗೊಬ್ಬರ ಬೇಡುವ ಬೆಳೆ ಅದು. ಹೀಗಾಗಿ ಅದನ್ನು ಕೈಬಿಡುವ ಆಮಿಷ ರೈತನಿಗೆ ಹೇಗೂ ಇದೆ. ಹೆದ್ದಾರಿ ಬದಿಯ ಜಮೀನಿಗೆ ಪ್ಲಾಟಿನ ಬೆಲೆ ಬಂದರೆ ಆಮಿಷ ಇಮ್ಮಡಿಸುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಸಾಗುವಳಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸಲು ಅನುಮತಿ ಸಿಗುತ್ತದೆ; ನಮ್ಮ ಕಡೆ ಅದನ್ನೇ ಎನ್.ಎ. ಮಾಡಿಸುವುದು ಅನ್ನುತ್ತಾರೆ. ಒಮ್ಮೆ ಎನ್.ಎ. ಆದ ತೋಟ ಮತ್ತೆ ತೋಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಭೌಗೋಳಿಕ ಸೂಚಕ ಅಂಟಿಕೊಂಡಿರುವುದು ಊರಿಗೆ. ತೋಟವನ್ನು ಬೇರೆ ತಾಲ್ಲೂಕಿಗೆ ಸಾಗಿಸಿದರೆ ಹೆಸರು ಜೊತೆಗೆ ಹೋಗುವುದಿಲ್ಲ.

ಆದ್ದರಿಂದ ಯೋಜನಾ ಅಧಿಕಾರಿಗಳಲ್ಲಿ ಎರಡು ಬೇಡಿಕೆ ಇಡುತ್ತೇನೆ. ರೈಲು, ಬಸ್ಸಿನ ವೇಳಾಪಟ್ಟಿಯನ್ನು ಕಮಲಾಪುರದ ವಿದ್ಯಾರ್ಥಿಯ ಕಾಲೇಜು ಗಂಟೆ ಮುಂದಿಟ್ಟುಕೊಂಡು ಬರೆಯಿರಿ. ಮುಂದಿನ ಎನ್.ಎ. ಅರ್ಜಿಗೆ ಸಹಿ ಹಾಕುವ ಮುನ್ನ ಕೆಂಪು ಬಾಳೆಯ ನೆಲವನ್ನು ಸರ್ವೆ ನಂಬರುವಾರು ಗುರುತಿಸಿ, ಅಲ್ಲಿ ಬಡಾವಣೆ ಬೇಡವೆಂದು ನಕ್ಷೆಯಲ್ಲೇ ನಮೂದಿಸಿರಿ.