ಸಾಕ್ಷಿಕಾವ್ಯ

ಯುದ್ಧ, ಸೆರೆವಾಸ, ಗಡೀಪಾರು, ಸಾಮೂಹಿಕ ಹತ್ಯೆಗಳನ್ನು ಸ್ವತಃ ಅನುಭವಿಸಿದ ಕವಿಗಳು ಅವುಗಳ ಒಳಗಿನಿಂದಲೇ ಬರೆದ ಕಾವ್ಯವೇ ಸಾಕ್ಷಿಕಾವ್ಯ. ರಣರಂಗದ ವರ್ಣನೆ ಕಾವ್ಯಕ್ಕೆ ಹೊಸದಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳನ್ನು ದಾಟಿ ನಡೆಯುವ ದುರ್ಯೋಧನನನ್ನು ಓದಿದವರು ಮರೆಯಲಾರರು. ಆದರೆ ರನ್ನ ಮಹಾಭಾರತದ ಯುದ್ಧವನ್ನು ಕಲ್ಪನೆಯಲ್ಲಿ ಕಂಡವನು. ಸಾಕ್ಷಿಕಾವ್ಯದಲ್ಲಿ ಕವಿಯೇ ಗಾಯಾಳು, ಕವಿಯೇ ಕೈದಿ. ಹೀಗಾಗಿ ಇದರ ಚರಿತ್ರೆಯೆಂದರೆ ಕವಿತೆಗಳು ಬರೆಯಲ್ಪಟ್ಟ ಕಥೆಯಷ್ಟೇ ಅಲ್ಲ, ಅವು ಹೇಗೆ ಉಳಿದುಬಂದವು ಎಂಬ ಕಥೆಯೂ ಹೌದು.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿದ ಇಂಗ್ಲಿಷ್ ಕವಿ ವಿಲ್‌ಫ್ರೆಡ್ ಓವೆನ್ 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರವಿರುವಾಗ, ಗುಂಡಿಗೆ ಬಲಿಯಾದರು. ಮಗ ಹೊರಡುವಾಗ ಹೇಳಿದ್ದು ‘ಗೀತಾಂಜಲಿ’ಯ ಮಾತುಗಳನ್ನು ಎಂದು ಅವರ ತಾಯಿ 1920ರಲ್ಲಿ ರವೀಂದ್ರನಾಥ ಟಾಗೋರರಿಗೆ ಪತ್ರ ಬರೆದರು. 1936ರಲ್ಲಿ ಆಧುನಿಕ ಕಾವ್ಯ ಸಂಕಲನವೊಂದನ್ನು ಸಂಪಾದಿಸಿದ ಡಬ್ಲ್ಯೂ. ಬಿ. ಯೇಟ್ಸ್, ಬರಿದೇ ನೋವುಣ್ಣುವುದು ಕಾವ್ಯಕ್ಕೆ ವಸ್ತುವಾಗದೆಂದು ಓವೆನ್‌ರನ್ನು ಹೊರಗಿಟ್ಟರು. ದೊಡ್ಡ ಕವಿಯೊಬ್ಬರು ಕೊಟ್ಟ ತಪ್ಪು ತೀರ್ಪು ಇದು. ವಿಷಾನಿಲಕ್ಕೆ ಸಿಕ್ಕಿದ ಸೈನಿಕನಿಗೆ ನೋವುಣ್ಣದೆ ಬೇರೆ ದಾರಿಯೇ ಇರಲಿಲ್ಲ. ಅದನ್ನು ಹೇಳಬಾರದೆಂದರೆ ಅವನ ಬದುಕನ್ನೇ ಕಾವ್ಯದಿಂದ ಆಚೆಗಟ್ಟಿದಂತೆ.

ಸ್ಟಾಲಿನ್ ಕಾಲದ ಲೆನಿನ್‌ಗ್ರಾಡಿನಲ್ಲಿ ಕವಿ ಅನ್ನಾ ಅಖ್ಮತೋವಾ, ಬಂಧನದಲ್ಲಿದ್ದ ಮಗನಿಗಾಗಿ ಹದಿನೇಳು ತಿಂಗಳು ಜೈಲಿನ ಮುಂದಿನ ಸರದಿಯಲ್ಲಿ ನಿಂತರು. ಅಲ್ಲಿ ಹುಟ್ಟಿದ ‘ರೆಕ್ವಿಯೆಮ್’ ಕವಿತೆಗಳನ್ನು ಕಾಗದದಲ್ಲಿ ಇಟ್ಟುಕೊಳ್ಳುವುದೇ ಅಪಾಯವಾಗಿತ್ತು. ಕದ್ದಾಲಿಸುವ ಕಿವಿಗಳಿಗೆ ಹೆದರಿ ಬಾಯಲ್ಲಿ ಚಹಾ, ಹವೆಯ ಮಾತಾಡುತ್ತ, ಚೀಟಿಯಲ್ಲಿ ಸಾಲುಗಳನ್ನು ಬರೆದು ಗೆಳತಿ ಲಿಡಿಯಾ ಚುಕೋವ್‌ಸ್ಕಯಾ ಕೈಗೆ ಕೊಡುತ್ತಿದ್ದರು. ಆಕೆ ಬಾಯಿಪಾಠ ಮಾಡಿದ ಮೇಲೆ ಚೀಟಿ ಸುಟ್ಟು ಬೂದಿಯಾಗುತ್ತಿತ್ತು. ಹೀಗೆ ಕೆಲವೇ ಆಪ್ತರ ನೆನಪಿನಲ್ಲಿ ವರ್ಷಗಟ್ಟಲೆ ಬದುಕಿದ ಕೃತಿ 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು. ಸೋವಿಯತ್ ಓದುಗರು 1987ರವರೆಗೆ ಕಾಯಬೇಕಾಯಿತು.

ಹಂಗೇರಿಯ ಯಹೂದಿ ಕವಿ ಮಿಕ್ಲೋಶ್ ರಾದ್ನೋತಿಯ ಕೊನೆಯ ಕವಿತೆಗಳನ್ನು ಉಳಿಸಿದ್ದು ಕೋಟಿನ ಜೇಬು. 1944ರಲ್ಲಿ ಸರ್ಬಿಯಾದ ಬೋರ್ ತಾಮ್ರದ ಗಣಿಯ ಬಲವಂತದ ದುಡಿಮೆಗೆ ಒಯ್ದಿದ್ದ ಅವರನ್ನು, ಜರ್ಮನ್ ಸೈನ್ಯ ಹಿಮ್ಮೆಟ್ಟುವಾಗ ಹಂಗೇರಿಯುದ್ದಕ್ಕೂ ನಡೆಸಿ, ನವೆಂಬರಿನಲ್ಲಿ ಅಬ್ದಾ ಗ್ರಾಮದ ಬಳಿ ಇತರರೊಂದಿಗೆ ಗುಂಡಿಕ್ಕಿ ಹೂಳಿದರು. 1946ರಲ್ಲಿ ಆ ಗುಂಡಿ ತೆಗೆದಾಗ ಸಣ್ಣ ನೋಟುಪುಸ್ತಕವೊಂದು ಸಿಕ್ಕಿತು. ಇದರಲ್ಲಿ ಹಂಗೇರಿಯನ್ ಕವಿಯ ಕವಿತೆಗಳಿವೆ, ದಯವಿಟ್ಟು ತಲುಪಿಸಿ ಎಂಬ ವಿನಂತಿಯನ್ನು ಅವರು ಐದು ಭಾಷೆಗಳಲ್ಲಿ ಬರೆದಿಟ್ಟಿದ್ದರು. ನಡಿಗೆಯ ದಾರಿಯಲ್ಲೂ ಛಂದಸ್ಸು ಕೈಬಿಡದ ಆ ರಚನೆಗಳು ಈ ಪರಂಪರೆಯ ಶಿಖರಗಳು.

ನಾಜಿಗಳ ಮರಣಶಿಬಿರ ಆಶ್‌ವಿಟ್ಸ್‌ನ ಅನಂತರ ಕವಿತೆ ಬರೆಯುವುದು ಅನಾಗರಿಕವೆಂದು ತತ್ತ್ವಜ್ಞಾನಿ ಅಡೋರ್ನೊ ಹೇಳಿದ್ದು ಪ್ರಸಿದ್ಧ. ಮುಂದೆ ಅವರೇ ಆ ಮಾತನ್ನು ಸಡಿಲಿಸಿದರು. ತಂದೆತಾಯಿಯನ್ನು ನಾಜಿಗಳ ಕಾಲದಲ್ಲಿ ಕಳೆದುಕೊಂಡ ಕವಿ ಪಾಲ್ ಸೆಲಾನ್, ಕೊಂದವರ ಭಾಷೆಯಾದ ಜರ್ಮನ್‌ನಲ್ಲೇ ಕೊನೆಯವರೆಗೂ ಬರೆದರು. ಹಿರೋಶಿಮಾದ ಬಾಂಬಿನಿಂದ ಬದುಕುಳಿದ ತೋಗೆ ಸಾಂಕಿಚಿಯ ಅಣುಬಾಂಬು ಕವಿತೆಗಳು 1951ರಲ್ಲಿ ಬಂದವು.

ಈ ಬಗೆಯ ಕಾವ್ಯಕ್ಕೆ ಇಂಗ್ಲಿಷಿನಲ್ಲಿ ಸಾಕ್ಷಿಯ ಹೆಸರು ನೆಲೆಗೊಂಡದ್ದು ಅಮೆರಿಕದ ಕವಿ ಕ್ಯಾರೊಲಿನ್ ಫೋರ್ಶೆ ಅವರಿಂದ. ಎಲ್ ಸಾಲ್ವಡಾರ್‌ನ ಹಿಂಸೆಯನ್ನು ಕಂಡುಬಂದ ಅವರು 1993ರಲ್ಲಿ ಇಪ್ಪತ್ತನೆಯ ಶತಮಾನದ ಸಾಕ್ಷಿಕಾವ್ಯದ ಬೃಹತ್ ಸಂಕಲನ ತಂದರು. ಇಂಥ ಕವಿತೆ ಕೇವಲ ವೈಯಕ್ತಿಕವೂ ಅಲ್ಲ, ರಾಜಕೀಯ ಘೋಷಣೆಯೂ ಅಲ್ಲ, ಇವೆರಡರ ನಡುವಿನ ಸಾಮಾಜಿಕ ನೆಲೆಯದು ಎಂಬುದು ಅವರ ವಾದ.

ಉಕ್ರೇನಿನಲ್ಲಿ ಈ ಚರಿತ್ರೆ ಇನ್ನೂ ಮುಂದುವರಿದಿದೆ. ಯುದ್ಧಾಪರಾಧಗಳನ್ನು ದಾಖಲಿಸುತ್ತಿದ್ದ ಕಾದಂಬರಿಕಾರ್ತಿ ವಿಕ್ಟೋರಿಯಾ ಅಮೆಲಿನಾ ರಷ್ಯಾದ ಆಕ್ರಮಣ ಶುರುವಾದ ಮೇಲೆ ಕವಿತೆಯತ್ತ ಹೊರಳಿದರು. ರಷ್ಯನ್ ವಶದಲ್ಲಿದ್ದಾಗ ಹತ್ಯೆಯಾದ ಕವಿ ವೊಲೊದಿಮಿರ್ ವಕುಲೆಂಕೊ ತೋಟದಲ್ಲಿ ಹೂತಿಟ್ಟಿದ್ದ ದಿನಚರಿಯನ್ನು 2022ರಲ್ಲಿ ಅಗೆದು ತೆಗೆದವರು ಅವರೇ. ಮರುವರ್ಷ ಕ್ರಾಮತೋರ್ಸ್ಕ್ ಮೇಲಿನ ಕ್ಷಿಪಣಿ ದಾಳಿಯಲ್ಲಿ ಗಾಯಗೊಂಡು ಜುಲೈ 1ರಂದು ತೀರಿಕೊಂಡರು. ಅವರ ಅಪೂರ್ಣ ಗದ್ಯಕೃತಿ 2025ರಲ್ಲಿ ಪ್ರಕಟವಾಯಿತು.