ಹಿಲಾ ನದಿ ಬತ್ತಿದ ಮೇಲೆ

ಅಮೆರಿಕದ ಮೂಲನಿವಾಸಿಗಳಾದ ಪೀಮಾ ಬುಡಕಟ್ಟಿನ ಹೆಂಗಸರ ಸ್ಥೂಲಕಾಯಕ್ಕೆ ವಂಶವಾಹಿಯೇ ಕಾರಣ ಎನ್ನುವವರು ಅರಿಜೋನಾದ ಹಿಲಾ ನದಿಯ ಚರಿತ್ರೆಯನ್ನೂ ಓದಬೇಕು. ಕಾಲುವೆ ತೋಡಿ ಮೆಕ್ಕೆಜೋಳ, ಕಾಳು, ಕುಂಬಳ ಬೆಳೆಯುತ್ತಿದ್ದ ಈ ಜನರ ನೀರನ್ನು 19ನೇ ಶತಮಾನದ ಕೊನೆಯಲ್ಲಿ ಮೇಲ್ದಂಡೆಯ ವಲಸಿಗರು ತಿರುಗಿಸಿಕೊಂಡರು. ಹೊಲ ಒಣಗಿತು, ಸರಕಾರಿ ಪಡಿತರದ ಬಿಳಿ ಹಿಟ್ಟು, ಹಂದಿಕೊಬ್ಬು ಬಾಣಲೆಯಲ್ಲಿ ಕರಿದ ರೊಟ್ಟಿಯಾದವು. ಬರಗಾಲದಲ್ಲಿ ಕಾಪಾಡಿದ ವಂಶಗುಣವೇ ಸುಭಿಕ್ಷದಲ್ಲಿ ಮಧುಮೇಹ ತರುತ್ತದೆಂದು 1962ರಲ್ಲಿ ತಳಿವಿಜ್ಞಾನಿ ಜೇಮ್ಸ್ ನೀಲ್ ವಾದಿಸಿದರು. ಆದರೆ ಮೆಕ್ಸಿಕೋದ ಮಾಯ್ಕೋಬಾದಲ್ಲಿ ಗೇಯುತ್ತಲೇ ಉಳಿದ ಪೀಮಾ ಹೆಂಗಸರಲ್ಲಿ, 2006ರ ವರದಿಯಂತೆ, ಸ್ಥೂಲಕಾಯದವರು ಶೇ. 20 ಮಾತ್ರ, ಅರಿಜೋನಾದ ಅವರ ನೆಂಟರಲ್ಲಿ ಬಹಳ ಹೆಚ್ಚು.

ಹಾಗಾದರೆ ವಂಶವಾಹಿಗೆ ಪಾತ್ರವೇ ಇಲ್ಲವೇ? ಇದೆ. ಒಂದೇ ಊಟ ಉಂಡವರಲ್ಲೂ ಕೊಬ್ಬು ಯಾರಿಗೆ ಹೆಚ್ಚು, ಸೊಂಟಕ್ಕೋ ಹೊಟ್ಟೆಗೋ ಎಂಬುದರಲ್ಲಿ ಅದರ ಕೈವಾಡವಿದೆ. ಆದರೆ ಮೂರ್ನಾಲ್ಕು ತಲೆಮಾರಿನಲ್ಲಿ ಬದಲಾದದ್ದು ರಕ್ತವಲ್ಲ, ನದಿ.