ವಿದ್ಯಾಸಂಸ್ಥೆಗಳ ರಾಸಾಯನಿಕ ಖರೀದಿ: ಮೇಲ್ವಿಚಾರಣೆಯ ಇತಿಹಾಸ

ಕಾಲೇಜಿನ ಪ್ರಯೋಗಶಾಲೆಗೆ ಒಂದು ಸೀಸೆ ಆಮ್ಲ ಬಂದು ಸೇರಿದಾಗ ಅದರ ಬೆಲೆ, ಪ್ರಮಾಣ, ಬಂದ ದಿನಾಂಕ ಇವು ದಾಸ್ತಾನು ಪುಸ್ತಕದಲ್ಲಿ ನಮೂದಾಗುತ್ತವೆ. ಲೆಕ್ಕಪರಿಶೋಧಕರಿಗೆ ಇಷ್ಟು ಸಾಕು. ಆದರೆ ಆ ಪದಾರ್ಥದಿಂದ ಒದಗಬಹುದಾದ ಅಪಾಯಕ್ಕೆ ಹೊಣೆ ಯಾರು, ನಿರುಪಯುಕ್ತವಾದ ಮೇಲೆ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಬೆಲೆಯ ಲೆಕ್ಕದಲ್ಲಿ ಉತ್ತರ ದೊರೆಯದು. ಈ ಹೊಣೆಯ ಕಲ್ಪನೆ ನಮ್ಮ ದೇಶದಲ್ಲಿ ಹೇಗೆ ನಿಧಾನವಾಗಿ, ಅದೂ ಬಹುಮಟ್ಟಿಗೆ ವಿದ್ಯಾಸಂಸ್ಥೆಗಳ ಹೊರಗಿನಿಂದ, ರೂಪುಗೊಂಡಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1919ರ ವಿಷವಸ್ತುಗಳ ಅಧಿನಿಯಮದ ದೃಷ್ಟಿ ಮುಖ್ಯವಾಗಿ ಮಾರುವವನ ಮೇಲಿತ್ತು. ಮಾರಾಟಕ್ಕೂ ಮಾರಾಟಕ್ಕಾಗಿ ವಿಷವನ್ನು ಇಟ್ಟುಕೊಳ್ಳುವುದಕ್ಕೂ ಅದು ಕಟ್ಟುಪಾಡುಗಳನ್ನು ಕಲ್ಪಿಸಿತು. 1984ರ ಭೋಪಾಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮವೂ, ಅದರ ಅಡಿಯಲ್ಲಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ ನಿಯಮಗಳೂ ಬಂದುವು. ಈ ನಿಯಮಗಳು ವಿಧಿಸುವ ಅನೇಕ ಕರ್ತವ್ಯಗಳು ನಿಗದಿತ ಪ್ರಮಾಣವನ್ನು ಮುಟ್ಟಿದಾಗ ಮಾತ್ರ ಅನ್ವಯಿಸುತ್ತವೆ. ಆ ಪ್ರಮಾಣಗಳಲ್ಲಿ ಹಲವು ಟನ್ನುಗಳ ಲೆಕ್ಕದವು. ಹೀಗೆ ಕಾರ್ಖಾನೆಯನ್ನು ಕುರಿತ ಎಚ್ಚರ ಕಾಲೇಜಿನ ಉಗ್ರಾಣವನ್ನು ಅಷ್ಟಾಗಿ ಮುಟ್ಟಲಿಲ್ಲ.

ಈ ಎಚ್ಚರದ ಅಭಾವದಿಂದ ಏನಾಗಬಹುದೆಂಬುದಕ್ಕೆ ವಿಕಿರಣವಸ್ತುವಿಗೆ ಸಂಬಂಧಿಸಿದ ಒಂದು ನಿದರ್ಶನವಿದೆ. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗವು ಸುಮಾರು 1970ರ ವೇಳೆಗೆ ಕೆನಡಾದಿಂದ ಗ್ಯಾಮಾ ಕಿರಣಗಳ ಯಂತ್ರವೊಂದನ್ನು ತರಿಸಿಕೊಂಡಿತ್ತು. ಅದರೊಳಗೆ ಕೋಬಾಲ್ಟ್-60 ಇದ್ದಿತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪಿತವಾದುದು 1983ರಲ್ಲಿ. ಎಂದರೆ ಖರೀದಿಯ ಕಾಲಕ್ಕೆ ಈ ಮಂಡಳಿಯೇ ಹುಟ್ಟಿರಲಿಲ್ಲ. 1985ರಿಂದ ಯಂತ್ರದ ಬಳಕೆ ನಿಂತಿತು. 2010ರ ಫೆಬ್ರವರಿಯಲ್ಲಿ ಅದನ್ನು ಹರಾಜಿನಲ್ಲಿ ಗುಜರಿಗೆ ಮಾರಲಾಯಿತು. ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಅದನ್ನು ಬಿಚ್ಚಿದವರಿಗೆ ಒಳಗಿದ್ದುದೇನೆಂಬುದು ತಿಳಿದಿರಲಿಲ್ಲ. ಹಲವರು ಅಸ್ವಸ್ಥರಾದರು, ಏಪ್ರಿಲಿನಲ್ಲಿ ಒಬ್ಬ ಕೆಲಸಗಾರನು ಮೃತಪಟ್ಟನು. ಕೋಬಾಲ್ಟ್-60ರ ಅರ್ಧಾಯುಷ್ಯ ಸುಮಾರು 5.27 ವರ್ಷ. ಆದುದರಿಂದ ನಾಲ್ವತ್ತು ವರ್ಷಗಳಲ್ಲಿ ಅದರ ಮೂಲಶಕ್ತಿಯ ನೂರನೆಯ ಒಂದು ಪಾಲಿಗಿಂತಲೂ ಕಡಮೆ ಉಳಿದಿರಬೇಕು. ಪ್ರಾಣಹಾನಿಗೆ ಅಷ್ಟೇ ಸಾಕಾಯಿತು.

ಕಾಲೇಜುಗಳ ಉಗ್ರಾಣವನ್ನೇ ನೇರವಾಗಿ ಹೆಸರಿಸಿದ ಆಜ್ಞೆ ಬಂದುದು 2013ರ ಜುಲೈ 18ರಂದು. ಸ್ತ್ರೀಯರ ಮೇಲೆ ನಡೆಯುತ್ತಿದ್ದ ಆಮ್ಲದಾಳಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಮ್ಲವನ್ನು ಇಟ್ಟುಕೊಳ್ಳುವ ವಿದ್ಯಾಸಂಸ್ಥೆಗಳೂ ಸಂಶೋಧನಾಲಯಗಳೂ ಅದರ ಬಳಕೆಯ ದಾಖಲೆಯನ್ನಿಟ್ಟು ಉಪವಿಭಾಗದ ದಂಡಾಧಿಕಾರಿಗೆ ಸಲ್ಲಿಸತಕ್ಕದ್ದೆಂದೂ, ಸುರಕ್ಷಿತ ಸಂಗ್ರಹಕ್ಕೆ ಒಬ್ಬ ವ್ಯಕ್ತಿ ಹೊಣೆಯಾಗತಕ್ಕದ್ದೆಂದೂ, ಪ್ರಯೋಗಶಾಲೆಯಿಂದ ಹೊರಹೋಗುವವರನ್ನು ತಪ್ಪದೆ ತಪಾಸಣೆ ಮಾಡತಕ್ಕದ್ದೆಂದೂ ವಿಧಿಸಿತು. ತಪ್ಪಿದವರಿಗೆ 50,000 ರೂಪಾಯಿಗಳವರೆಗೆ ದಂಡವುಂಟು.

ಹೊಣೆಯನ್ನು ಒಬ್ಬ ವ್ಯಕ್ತಿಗೆ ಗೊತ್ತುಮಾಡಿದುದು ಈ ಆಜ್ಞೆಯ ಹಿರಿಮೆ. ಆದರೂ ಅದರ ಗುರಿ ಆಮ್ಲ ಹೊರಗೆ ಸಾಗದಂತೆ ತಡೆಯುವುದು. ಒಳಗೆ ಅದನ್ನು ಬಳಸುವ ವಿದ್ಯಾರ್ಥಿಯ ಮತ್ತು ಸಹಾಯಕನ ಕ್ಷೇಮ ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಪ್ರಯೋಗಶಾಲಾ ನಿಯಮವು ಮತ್ತೊಂದು ದಿಕ್ಕಿನಿಂದ ಹೊರಟಿತು. ಅದು ನೌಕರರ ರಕ್ಷಣೆಗಾಗಿ ಪ್ರತಿಯೊಂದು ಸಂಸ್ಥೆಯೂ ಲಿಖಿತ ಯೋಜನೆಯನ್ನೂ ಹೊಣೆಗಾರನಾದ ಅಧಿಕಾರಿಯನ್ನೂ ಹೊಂದಿರಬೇಕೆಂದಿತು. ಯಾವ ಕಾರ್ಯಗಳಿಗೆ ಮುಂಚಿತವಾಗಿ ಅನುಮತಿ ಅಗತ್ಯವೆಂಬುದನ್ನು ಆ ಯೋಜನೆಯಲ್ಲಿ ಸೂಚಿಸಬೇಕೆಂದಿತು.

ಈ ಎರಡು ಮಾರ್ಗಗಳೂ ಒಂದಕ್ಕೊಂದು ಪೂರಕವಾದುವು. ಹೊರಗಿನವರ ರಕ್ಷಣೆಗೆ ದಾಖಲೆ ಬೇಕು. ಒಳಗಿನವರ ರಕ್ಷಣೆಗೆ ಬೇಡಿಕೆಯ ಪತ್ರಕ್ಕೆ ರುಜು ಬೀಳುವ ಮೊದಲೇ ವಿಚಾರಣೆ ಬೇಕು. ಅಧ್ಯಾಪಕರು ನಿವೃತ್ತರಾಗುತ್ತಾರೆ, ಉಗ್ರಾಣದವರು ಬದಲಾಗುತ್ತಾರೆ. ಕೊಂಡ ವಸ್ತು ಮಾತ್ರ ಅಲ್ಲಿಯೇ ಇರುತ್ತದೆ. ಆದ್ದರಿಂದ ವಸ್ತುವಿನ ವಿಲೇವಾರಿಯ ಹೊಣೆಯನ್ನೂ ಖರೀದಿಯ ದಿನವೇ ಗೊತ್ತುಮಾಡುವುದು ಉಚಿತವೆಂಬುದು ಈ ಇತಿಹಾಸದಿಂದ ವಿದಿತವಾಗುತ್ತದೆ.